ನಾಲ್ಕನೆಯ ಚಂದ್ರ

ಗದಗಿನ ನಕ್ಷತ್ರ ಕಚೇರಿಯಲ್ಲಿ ನೀಲಗಂಗಾಳದು ಹನ್ನೊಂದು ವರ್ಷದ ಕೆಲಸ. ದೂರದ ಗ್ರಹಕ್ಕೆ ಕಳಿಸಿದ ಪ್ರಶ್ನೆಗಳಿಗೆ ಎಂದಾದರೂ ಉತ್ತರ ಬಂದೀತೆಂದು, ತಾಲೀಮಿಗಾಗಿ ಯಂತ್ರವೊಂದು ಅಂಥವೇ ಮಾದರಿ ಉತ್ತರಗಳನ್ನು ಕೊಡುತ್ತಿತ್ತು. ಅವು ನಿಯಮದ ಹಾಳೆಗೆ ಹೊಂದುತ್ತವೆಯೇ ಎಂದು ನೋಡಿ, ಹೊಂದದ್ದಕ್ಕೆ ಕೆಂಪು ಮುದ್ರೆ ಒತ್ತುವುದು ಅವಳ ಪಾಲು.

ಇಂದು 'ಚಂದ್ರರೆಷ್ಟು?' ಎಂಬಲ್ಲಿ ಬರೀ ಅಂಕಿ ಇರಬೇಕಿತ್ತು. ಬಂದದ್ದು: 'ಮೂರು. ನಾಲ್ಕನೆಯದು ಈಗ ಹುಟ್ಟುತ್ತಿದೆ.'

"ಫಕೀರಪ್ಪಾ, ನಿನ್ನ ಯಂತ್ರ ಮತ್ತ ಏನೇನರ ಒದರಾಕತ್ತೈತಿ ನೋಡು," ಎಂದು ಸಿಡುಕುತ್ತ ಮುದ್ರೆ ಎತ್ತಿದಳು.

ಯಂತ್ರ ನೋಡಿಕೊಳ್ಳುವ ಫಕೀರಪ್ಪ ಚಹಾ ಕೆಳಗಿಟ್ಟ. "ಅಕ್ಕಾರ, ಅದನ್ನ ನಿನ್ನೆನ ರಿಪೇರಿಗೆ ಬಿಚ್ಚಿಟ್ಟೇನ್ರೀ."

ನೀಲಗಂಗಾ ಎತ್ತಿದ ಕೈ ಹಾಗೇ ನಿಂತಿತು. ಅವಳು ಮುದ್ರೆ ಬದಿಗಿಟ್ಟು, ನಿಯಮದ ಹಾಳೆಯನ್ನೇ ಎಳೆದುಕೊಂಡು, 'ಅಂಕಿ ಮಾತ್ರ' ಎಂಬುದನ್ನು ಹೊಡೆದುಹಾಕಿದಳು.