ಟೀಚರಜ್ಜಿಯ ಮರೆವು

ಟೀಚರಜ್ಜಿ ಲಾರಿ ಡ್ರೈವರನ ಕಿವಿ ಹಿಡಿದು ಮನೆಯೊಳಗೆ ಎಳೆದುಕೊಂಡು ಬಂದಾಗ ಮೊಮ್ಮಗಳ ಅನುಮಾನ ಖಚಿತವಾಯಿತು. ಅಜ್ಜಿಯ ತಲೆ ಕೈಕೊಟ್ಟಿತ್ತು.

"ನಿನ್ನೆ ಯಾಕೋ ಸ್ಕೂಲಿಗೆ ಬರಲಿಲ್ಲ?"

ಡ್ರೈವರನ ಮೀಸೆ ಆಗಲೇ ನರೆತಿತ್ತು. ಎದುರು ಮನೆಗೆ ಇಟ್ಟಿಗೆ ಇಳಿಸಲು ಬಂದವನು ಕುಡಿಯಲು ನೀರು ಕೇಳಿದ್ದ, ಅಷ್ಟೆ.

"ಟೀಚರ್, ನಾನು..."

"ಎದುರು ಮಾತಾಡ್ತೀಯಾ? ಕೂತ್ಕೋ. ಸ್ಲೇಟು ತಗೋ."

ಮೊಮ್ಮಗಳು ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಕೈಮುಗಿದಳು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಈಚೆಗೆ ಹೀಗೇ ಆಡ್ತಿದ್ದಾರೆ. ಸಂಜೆ ಆಯ್ತು ಅಂದ್ರೆ ಇನ್ನೂ ಸ್ಕೂಲಲ್ಲೇ ಇದ್ದೀನಿ ಅಂದ್ಕೋತಾರೆ. ಸ್ವಲ್ಪ ಹೊತ್ತು ಕೂತು ಅವರು ಹೇಳಿದ್ದು ಬರೀರಿ, ಅವರಿಗೂ ಸಮಾಧಾನ ಆಗುತ್ತೆ."

ಅವನು ಅಜ್ಜಿಯ ಕಡೆ ತಿರುಗಿ ನೋಡಿದ. ಅಪ್ಪ ತೀರಿಕೊಂಡು ಅವನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಾಗ, ಮನೆ ಬಾಗಿಲಿಗೆ ಬಂದು ಅವನ ಅಮ್ಮನ ಹತ್ತಿರ ಬೇಡಿಕೊಂಡಿದ್ದವರು ಇದೇ ಟೀಚರ್. ಅಮ್ಮ ಅಳುತ್ತಲೇ ಆಗುವುದಿಲ್ಲ ಅಂದಿದ್ದಳು.

"ಪಾಪ," ಅಂದ. "ನಮ್ಮ ಟೀಚರಿಗೋಸ್ಕರ ಇಷ್ಟೂ ಮಾಡದಿದ್ರೆ ಹೇಗಮ್ಮಾ?"

ಹೋಗಿ ಕೂತ. ಅ ಬರೆದ.

ಆ ಊರಿನ ಅರ್ಧಕ್ಕರ್ಧ ಜನಕ್ಕೆ ಅಕ್ಷರ ಕಲಿಸಿದವರು ಟೀಚರಜ್ಜಿ. ಮಗಳು ಅಳಿಯ ಇಬ್ಬರೂ ಒಂದೇ ಜ್ವರದಲ್ಲಿ ಹೋದ ಮೇಲೆ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪಾಠ ಮಾಡಿದವರು. ನಿವೃತ್ತರಾದ ಮೇಲೂ ಸುಮ್ಮನಿರಲಿಲ್ಲ. ದೊಡ್ಡವರಿಗೆ ಸಂಜೆ ತರಗತಿ ಎಂದು ಬಾಗಿಲಿಗೆ ಬೋರ್ಡು ಬರೆದು ಹಾಕಿದರು. ಒಂದು ನರಪಿಳ್ಳೆಯೂ ಬರಲಿಲ್ಲ. ಮೊಮ್ಮಕ್ಕಳಿರುವ ವಯಸ್ಸಿನಲ್ಲಿ ಸ್ಲೇಟು ಹಿಡಿದರೆ ನಾಲ್ಕು ಜನ ನಗುವುದಿಲ್ಲವೇ? "ಓದೋಕೆ ಬಾರದವರಿಗೆ ಅಂತ ಬೋರ್ಡು ಬರೆದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ," ಎಂದು ತಾವೇ ನಕ್ಕು ಬೋರ್ಡು ಇಳಿಸಿದ್ದರು. ಆಮೇಲೆ ಬಹಳ ದಿನ ಮಂಕಾಗಿದ್ದರು. ಕಾಯಿಲೆ ಶುರುವಾಗಿದ್ದು ಆ ಮಂಕಿನಿಂದಲೇ ಎಂದು ಮೊಮ್ಮಗಳು ನಂಬಿದ್ದಳು.

ಬೆಳಿಗ್ಗೆಯೆಲ್ಲ ಸರಿಯಾಗಿಯೇ ಇರುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುತ್ತಿದ್ದರು. ಬಿಸಿಲು ಇಳಿಯುತ್ತಿದ್ದ ಹಾಗೆ ಬೀದಿಗೆ ಬಂದು ಸಿಕ್ಕವರನ್ನು ಗದರಿಸಿ ಕರೆತರುತ್ತಿದ್ದರು. ಇಸ್ತ್ರಿ ಅಂಗಡಿಯ ಹೆಂಗಸು ಬಂದಳು, ಗಾರೆ ಕೆಲಸದವನು ಬಂದ. ಒಬ್ಬೊಬ್ಬರ ಹತ್ತಿರವೂ ಮೊಮ್ಮಗಳು ಕೈಮುಗಿದು ಬೇಡಿಕೊಂಡಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು. ಯಾರೂ ಇಲ್ಲ ಅನ್ನಲಿಲ್ಲ. ಡ್ರೈವರ್ ಸೇರಿ ಎಲ್ಲರೂ ದಿನಾ ಸಂಜೆ ಬಂದು ಕೂರತೊಡಗಿದರು.

ಸುದ್ದಿ ತಿಳಿದು ಬ್ಯಾಂಕ್ ಮ್ಯಾನೇಜರ್ ಕೂಡ ಒಂದು ಸಂಜೆ ಬಂದು ನೆಲದ ಮೇಲೆ ಕೂತರು. ಅಜ್ಜಿಯ ಹಳೆಯ ಶಿಷ್ಯ. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕ್ಲಾಸು ಮುಗೀತು, ಮನೆಗೆ ಹೋಗು," ಎಂದು ಎಬ್ಬಿಸಿ ಕಳಿಸಿದರು. ಬೀದಿಗೆ ಬೀದಿಯೇ ನಕ್ಕಿತು. ಮೊಮ್ಮಗಳು ಅಡುಗೆಮನೆಯಲ್ಲಿ ಸೆರಗು ಕಚ್ಚಿಕೊಂಡು ಅತ್ತಳು.

ದೊಡ್ಡಾಸ್ಪತ್ರೆಗೆ ಹೋಗಿ ತೋರಿಸೋಣ ಎಂದರೆ ಅಜ್ಜಿ ಕೇಳುತ್ತಿರಲಿಲ್ಲ. "ನನಗೇನಾಗಿದೆ?"

ಒಂದು ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಮೊಮ್ಮಗಳು ತಡೆಯಲಾರದೆ ಕೇಳಿಬಿಟ್ಟಳು. "ಅಜ್ಜೀ, ನಾನ್ಯಾರು ಅಂತ ಗೊತ್ತಾ?"

ಸ್ಲೇಟು ಒರೆಸುತ್ತಿದ್ದ ಅಜ್ಜಿಯ ಕೈ ನಿಂತಿತು. ಅವಳನ್ನು ಎಳೆದು ತಬ್ಬಿಕೊಂಡರು. "ನಿನ್ನ ಮರೆತರೆ ನನ್ನ ಹತ್ತಿರ ಇನ್ನೇನು ಉಳಿಯುತ್ತೆ, ಪುಟ್ಟೀ?" ಅವರ ಕಣ್ಣು ತುಂಬಿತ್ತು. "ನಿನಗೆ ತುಂಬಾ ತೊಂದರೆ ಕೊಡ್ತಿದ್ದೀನಿ. ಇನ್ನು ಸ್ವಲ್ಪ ದಿನ ತಡ್ಕೋ."

ಕಾಯಿಲೆ ಮಾತಾಡಿಸುತ್ತಿದೆ ಎಂದುಕೊಂಡು ಮೊಮ್ಮಗಳು ಅವರ ಬೆನ್ನು ಸವರಿದಳು.

ಕೆಲವು ವಾರಗಳ ಮೇಲೆ ಒಂದು ಸಂಜೆ ಪಾಠ ಮಾಡುತ್ತಿರುವಾಗಲೇ ಟೀಚರಜ್ಜಿ ಕುಸಿದರು. ಡ್ರೈವರ್ ಅವರನ್ನು ಮಗುವಿನ ಹಾಗೆ ಎತ್ತಿ ಲಾರಿಯ ಮುಂದಿನ ಸೀಟಿನಲ್ಲಿ ಮಲಗಿಸಿದ. ಮೊಮ್ಮಗಳು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದೊಡ್ಡಾಸ್ಪತ್ರೆಯಲ್ಲಿ ಉದ್ದಕ್ಕೂ ಬಾಗಿಲುಗಳು, ಕೇಳೋಣವೆಂದರೆ ಜನರಿಲ್ಲ. ಜೊತೆಗೆ ಬಂದಿದ್ದ ಇಸ್ತ್ರಿ ಅಂಗಡಿಯ ಹೆಂಗಸು ಬಾಗಿಲಿನಿಂದ ಬಾಗಿಲಿಗೆ ಓಡಿದಳು. ಮೇಲಿನ ಫಲಕಗಳತ್ತ ಕತ್ತೆತ್ತಿ, ತುಟಿ ಅಲ್ಲಾಡಿಸುತ್ತಾ ಓಡಿದಳು. "ಇಲ್ಲಿ! ಹೃದಯ... ಹೃದಯ ವಿಭಾಗ! ಇಲ್ಲಿಗೆ ಕರ್ಕೊಂಡು ಬನ್ನಿ!"

ತುಂಬಾ ತಡವಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಹೊರಗೆ ಡ್ರೈವರ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಇಸ್ತ್ರಿ ಹೆಂಗಸು ಹೆತ್ತ ತಾಯಿ ಹೋದವಳಂತೆ ಅಳುತ್ತಿದ್ದಳು. ಡಾಕ್ಟರಮ್ಮ ಹೊರಗೆ ಬಂದು ಮೊಮ್ಮಗಳ ಪಕ್ಕದಲ್ಲಿ ಕೂತರು. ಅವರೂ ಟೀಚರಜ್ಜಿಯ ಕೈಯಲ್ಲೇ ಅ ಆ ಕಲಿತವರು.

"ಹೋಗ್ಲಿ ಬಿಡಿ ಡಾಕ್ಟ್ರೇ," ಅಂದಳು ಮೊಮ್ಮಗಳು, ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತೆ. "ಕೊನೆಗೂ ಆ ಮರೆವಿನಿಂದಾದ್ರೂ ಬಿಡುಗಡೆ ಸಿಕ್ತು."

"ಯಾವ ಮರೆವು?"

ಮೊಮ್ಮಗಳು ಎಲ್ಲ ಹೇಳಿದಳು. ಡಾಕ್ಟರಮ್ಮ ಅಳುತ್ತಿದ್ದ ಆ ಇಬ್ಬರ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಮೊಮ್ಮಗಳ ಕೈ ಹಿಡಿದುಕೊಂಡರು.

"ಹೋದ ವರ್ಷ ಟೀಚರ್ ಒಬ್ಬರೇ ನನ್ನ ಹತ್ತಿರ ಬಂದಿದ್ರು," ಅಂದರು. "ಮರೆವಿನ ಕಾಯಿಲೆ ಬಂದವರು ಹೇಗೆ ಆಡ್ತಾರೆ, ಸರಿಯಾಗಿ ಮಾಡಿ ತೋರಿಸು ಅಂದ್ರು. ತೋರಿಸಿದೆ. ಇನ್ನೊಂದ್ಸಲ ಅಂದ್ರು. ಆಮೇಲೆ, 'ಸಾಕು, ಬಂತು' ಅಂತ ಎದ್ದು ಹೋದ್ರು."