ನಾವಿಕ ಯಾನ್‌ನ ನಾಲ್ಕು ನಿಯಮಗಳು

ಸೈರನ್ ಕೂಗುತ್ತಿದ್ದಂತೆ ಶ್ರೀಕರ ಅರ್ಧ ಸುಲಿದ ಆಲೂಗಡ್ಡೆಯನ್ನು ಬಕೆಟ್ಟಿಗೆ ಎಸೆದು ಕಬ್ಬಿಣದ ಏಣಿ ಹತ್ತಿ ಓಡಿದ. ಮೇಲಿನ ಡೆಕ್ಕಿನ ತುಂಬ ಹೊಗೆ. ವಿಮಾನವೊಂದು ರೆಕ್ಕೆ ಮಡಚಿಕೊಂಡು ನಿಂತಿತ್ತು. ಅದರ ಚಕ್ರಕ್ಕೆ ಮರದ ತುಂಡು ಕೊಟ್ಟ, ಹಗ್ಗ ಬಿಗಿದ, ಆಕಾಶದತ್ತ ನೋಡಿ ಹಲ್ಲು ಕಚ್ಚಿದ. ಸೈರನ್ ನಿಂತಿತು.

ಎಂಟು ಮಕ್ಕಳು ಚಪ್ಪಾಳೆ ತಟ್ಟಿದರು.

ಆಕಾಶ ಇರಬೇಕಾದಲ್ಲಿ ತಗಡಿನ ಸೂರಿತ್ತು. ಡಚ್ ಬಂದರೊಂದರ ಹಳೆಯ ಗೋದಾಮಿನೊಳಗೆ ಕಟ್ಟಿದ ಅರ್ಧ ವಿಮಾನವಾಹಕ ಹಡಗು ಅದು, ಒಂದು ಮ್ಯೂಸಿಯಂ. ವಾರವಿಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿರುವ ತಿಪಟೂರಿನ ಶ್ರೀಕರ ಶನಿವಾರ, ಭಾನುವಾರ ಇಲ್ಲಿ ೧೯೪೪ರ ಡಚ್ ನಾವಿಕ ಯಾನ್. ಡೆಕ್ ತಿಕ್ಕುವುದು, ತೂಗುಹಾಸಿಗೆ ಸುತ್ತುವುದು, ಆಲೂಗಡ್ಡೆ ಸುಲಿಯುವುದು, ಗಂಟೆಗೊಮ್ಮೆ ಶತ್ರುವಿಮಾನಕ್ಕೆ ಹೆದರುವುದು. ಇದೇ ಅವನ ಯುದ್ಧ.

ಆದರೆ ಈ ಶನಿವಾರ ನಿಜವಾದ ಹೆದರಿಕೆಯೇ ಇತ್ತು. ಪ್ರವಾಸಿಗನ ವೇಷದಲ್ಲಿ ಪರೀಕ್ಷಕರೊಬ್ಬರು ಬರುತ್ತಾರೆಂದು ಮ್ಯಾನೇಜರ್ ವಿಲ್ಮಾ ಬೆಳಿಗ್ಗೆಯೇ ಹೇಳಿದ್ದಳು. ನಾಲ್ಕು ನಿಯಮ. ಹಡಗಿನಲ್ಲಿ ಡಚ್ ಅಥವಾ ಇಂಗ್ಲಿಷ್, ಬೇರೆ ಭಾಷೆ ಇಲ್ಲ. ಹೊರಗಿನ ತಿಂಡಿ ಬಾಯಿಗೆ ಹೋಗಬಾರದು. ಮೊಬೈಲ್ ಎಂದರೇನೆಂದು ಗೊತ್ತಿರಬಾರದು. ಯುದ್ಧ ಮುಗಿದದ್ದಂತೂ ಗೊತ್ತಿರಲೇಬಾರದು. ಒಂದು ತಪ್ಪಿದರೂ ಮುಂದಿನ ವಾರ ಬೇರೆ ಯಾನ್. ಹಾಗಾದರೆ ಶ್ರೀಕರ ಹೊಸ ಕೆಲಸ ಹುಡುಕಬೇಕು, ಆ ಕೆಲಸ ಕೊಡುವವರು ಅವನಿಗಾಗಿ ಹೊಸದಾಗಿ ಕೆಲಸದ ಪರವಾನಗಿ ಮಾಡಿಸಬೇಕು. ಈ ಒಂದು ಕೆಲಸ ಹುಡುಕುವುದಕ್ಕೇ ಏಳು ತಿಂಗಳು ಹಿಡಿದಿತ್ತು.

ಪರೀಕ್ಷಕನನ್ನು ಅವನು ಹತ್ತೇ ನಿಮಿಷದಲ್ಲಿ ಪತ್ತೆ ಮಾಡಿದ. ಬೂದು ಕೋಟು, ಬೆಳ್ಳಿ ಮೀಸೆ. ನಾವಿಕರ ಕೋಣೆಯ ಮೂಲೆಯ ಬೆಂಚಿನಲ್ಲಿ ಕೂತು ಪುಟ್ಟ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಬರೆಯುವುದು, ತಲೆಯೆತ್ತುವುದು, ಮತ್ತೆ ಬರೆಯುವುದು.

ಶ್ರೀಕರ ಬೆನ್ನು ನೆಟ್ಟಗೆ ಮಾಡಿಕೊಂಡು ಆಲೂಗಡ್ಡೆಗೆ ಕೂತ. ಆಗಲೇ ಗ್ರಹಚಾರ ಏಣಿಯಿಳಿದು ಬಂತು.

ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಹೆಗಲಿಗೆ ಬಟ್ಟೆಯ ಚೀಲ. ಮಗಳ ಬಾಣಂತನಕ್ಕೆ ಬಂದವರಿರಬೇಕು. ಪಕ್ಕದ ಊರು ಜೂಟರ್‌ಮೀರ್‌ನಲ್ಲಿ ಇಂಥವರು ಬೇಕಾದಷ್ಟು.

"ನಮ್ ಕಡೆ ಹುಡುಗ ಅಲ್ವೇನಪ್ಪಾ ನೀನು?"

"ಹಡಗಿಗೆ ಸ್ವಾಗತ, ಮೆವ್ರೌ," ಎಂದ ಶ್ರೀಕರ, ಡಚ್‌ನಲ್ಲಿ ಅಮ್ಮಾವ್ರೇ ಎಂದು ಮರ್ಯಾದೆ ಕೊಟ್ಟು, ಆಲೂಗಡ್ಡೆಯಿಂದ ಕಣ್ಣೆತ್ತದೆ.

"ಅಯ್ಯೋ, ನನ್ ಹತ್ರ ನಾಟಕ ಬೇಡ ಕಣೋ. ಆ ಮೂಗು ನೋಡಿದ್ರೇ ಗೊತ್ತಾಗುತ್ತೆ, ಹಾಸನದವನು ನೀನು."

ಹಾಸನವಂತೆ! ತಿಪಟೂರು ನಾಲಗೆಯ ತುದಿಗೆ ಬಂದು ನಿಂತಿತು. ಮೂಲೆಯಲ್ಲಿ ಬೂದು ಕೋಟು ಪೆನ್ಸಿಲ್ ಎತ್ತಿತು. ಶ್ರೀಕರ ಊರನ್ನು ನುಂಗಿಕೊಂಡ.

ಆಕೆ ಎದುರಿನ ಮಂಚದ ಮೇಲೆ ಕೂತು ಚೀಲದಿಂದ ಡಬ್ಬಿ ತೆಗೆದರು. ಓಮದ ವಾಸನೆ.

"ಕೋಡುಬಳೆ. ನಾನೇ ಕರೆದಿದ್ದು. ಮುಖ ನೋಡು, ಬಾಡಿ ಹೋಗಿದೆ. ಒಂದ್ ತಗೋ, ಯಾರೂ ನೋಡಲ್ಲ."

ಬೆಳಿಗ್ಗೆಯಿಂದ ಅವನು ತಿಂದದ್ದು ಹಡಗಿನ ಒಣ ಬಿಸ್ಕತ್ತು, ಬಟಾಣಿ ಸೂಪು. "ಕ್ಷಮಿಸಿ ಮೆವ್ರೌ, ನಮಗೆ ರೇಷನ್," ಎಂದ.

"ಹೋಗ್ಲಿ, ಒಂದ್ ಫೋಟೋ ಆದ್ರೂ ತೆಗಿ." ಮೊಬೈಲ್ ಅವನ ಮೂಗಿನ ಹತ್ತಿರ ಬಂತು.

ಶ್ರೀಕರ ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಿದ. "ಶತ್ರುಗಳ ರೇಡಿಯೋ ಇದ್ದಂತಿದೆ, ಮೆವ್ರೌ," ಎಂದ, ಮೂಲೆಗೂ ಕೇಳುವಷ್ಟು ಗಟ್ಟಿಯಾಗಿ, ಡಚ್‌ನಲ್ಲೇ. "ಕ್ಯಾಪ್ಟನ್‌ಗೆ ಒಪ್ಪಿಸಿ ಬರುತ್ತೇನೆ."

"ಕೊಡೋ ಇಲ್ಲಿ!" ಆಕೆ ಥಟ್ಟನೆ ಕಿತ್ತುಕೊಂಡರು. ಶ್ರೀಕರನಿಗೆ ಒಳಗೊಳಗೇ ನಗು.

ಆಕೆ ಕೋಣೆಯನ್ನೆಲ್ಲ ನೋಡಿದರು, ಕೈಗಡಿಯಾರ ನೋಡಿಕೊಂಡರು.

"ಅದ್ಸರಿ, ಈ ಯುದ್ಧ ಯಾವ್ ವರ್ಷ ಮುಗೀತು? ಮೊಮ್ಮಗಳು ಕೇಳ್ತಿದ್ಲು."

ಅವನು ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. ಆಕೆ ಅದನ್ನೇ ಹರುಕು ಮುರುಕು ಇಂಗ್ಲಿಷ್‌ನಲ್ಲಿ ಕೇಳಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಈ ಕ್ರಿಸ್‌ಮಸ್‌ಗೆ ಮುಗಿಯುತ್ತೆ ಅಂತಾರೆ, ಮೇಡಂ," ಎಂದ ಇಂಗ್ಲಿಷ್‌ನಲ್ಲಿ. "ಹೋದ ಕ್ರಿಸ್‌ಮಸ್‌ಗೂ ಹಾಗೇ ಅಂದಿದ್ದರು."

"ಕಲ್ಲು ಕಣೋ ನೀನು, ಕಲ್ಲು!" ಆಕೆ ದಡಬಡ ಎದ್ದರು. ಸೆರಗು ತಾಗಿ ಮೇಜಿನ ಮೇಲಿದ್ದ ಹಡಗಿನ ದಿನಚರಿ ಪುಸ್ತಕ ಕೆಳಗೆ ಬಿತ್ತು. ಹಿಡಿಯಲು ಮುಂದಾದ ಶ್ರೀಕರನ ಬೂಟು ಅದರ ಮೇಲೇ ಬಿತ್ತು.

ಯೋಚಿಸಲು ಸಮಯವಿರಲಿಲ್ಲ, ಯೋಚಿಸುವ ಕೆಲಸವೂ ಅಲ್ಲ ಅದು. ಬಗ್ಗಿದ, ಪುಸ್ತಕ ಎತ್ತಿಕೊಂಡ, ಎರಡೂ ಕಣ್ಣಿಗೆ ಒತ್ತಿಕೊಂಡ.

ಕಣ್ಣು ತೆರೆದಾಗ ಬೂದು ಕೋಟು ಅವನನ್ನೇ ನೋಡುತ್ತಿತ್ತು. ನೋಡಿ, ನಿಧಾನವಾಗಿ ಏನೋ ಬರೆದುಕೊಂಡಿತು. ಯಾವ ಡಚ್ ನಾವಿಕ ಪುಸ್ತಕ ತುಳಿದು ಕಣ್ಣಿಗೊತ್ತಿಕೊಂಡಾನು?

"ಬರ್ತೀನಪ್ಪಾ," ಎಂದು ಆಕೆ ಏಣಿ ಹತ್ತಿದರು. 'ಹೋಗಿ ಬನ್ನಿ' ಎಂಬುದನ್ನು ಅವನು ಹಲ್ಲಿನ ಹಿಂದೆಯೇ ತಡೆದ. ಮಾಡುವುದನ್ನೆಲ್ಲ ಮಾಡಿಹೋದವರಿಗೆ ಮರ್ಯಾದೆ ಬೇರೆ.

ಐದು ಗಂಟೆಗೆ ಬಾಗಿಲು ಹಾಕಿದ ಮೇಲೆ ವಿಲ್ಮಾ ಒಂದು ಲಕೋಟೆ ಹಿಡಿದು ಬಂದಳು.

"ಗೊತ್ತು ಬಿಡಿ," ಎಂದ ಶ್ರೀಕರ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು. "ಬೂದು ಕೋಟಿನವರು ಬರೆಯುವಾಗಲೇ ಗೊತ್ತಾಯಿತು."

"ಯಾರು, ಆ ಅಜ್ಜನೇ? ಅವರ ಹತ್ತಿರ ವರ್ಷದ ಪಾಸ್ ಇದೆ. ಮನೆಯಲ್ಲಿ ಹೀಟರ್ ಹಾಕುವ ಬದಲು ಇಲ್ಲಿ ಬಂದು ಪದಬಂಧ ತುಂಬುತ್ತಾರೆ." ವಿಲ್ಮಾ ಲಕೋಟೆ ಕೊಟ್ಟು ದೀಪ ಆರಿಸಲು ಹೋದಳು.

ಒಳಗೆ ಅಂಕಪಟ್ಟಿ. ಭಾಷೆ, ಹತ್ತಕ್ಕೆ ಹತ್ತು. ತಿಂಡಿ, ಹತ್ತು. ಮೊಬೈಲ್, ಹತ್ತು. ಯುದ್ಧ, ಹತ್ತು. ಅಚ್ಚುಕಟ್ಟಾದ ಡಚ್‌ನಲ್ಲಿ ಷರಾ: ಇವನನ್ನು ಬಿಡಬೇಡಿ. ಅದರ ಕೆಳಗೆ ಗುಂಡಗಿನ ಕನ್ನಡ ಅಕ್ಷರಗಳಿದ್ದವು.

"ಕಣ್ಣಿಗೊತ್ತಿಕೊಂಡದ್ದನ್ನು ಬರೆದಿಲ್ಲ. ಕೋಡುಬಳೆ ಆ ಮಂಚದ ದಿಂಬಿನ ಕೆಳಗಿದೆ, ಡಬ್ಬಿ ಜೋಪಾನ. ಇಂತಿ, ಪರೀಕ್ಷಕಿ ವಾಸಂತಿ."