ಅರ್ಜಿಯಲ್ಲಿದ್ದ ಗಂಡ

ಈಗ ಯಾರೂ ಕೆಲಸಕ್ಕೆ ತಾವೇ ಅರ್ಜಿ ಬರೆಯುವುದಿಲ್ಲ. ಅರ್ಜಿಯಂತ್ರವೇ ಬರೆಯುತ್ತದೆ, ಮೊದಲ ಸಂದರ್ಶನಗಳನ್ನೂ ನಮ್ಮ ದನಿಯಲ್ಲಿ ಮುಗಿಸುತ್ತದೆ. ಮನುಷ್ಯರೊಡನೆ ಮಾತು ಕೊನೆಗೆ ಮಾತ್ರ.

ಕಾರವಾರದಾಚೆ ಕಡಲಲ್ಲಿ ತೇಲುವ ಊರಿನ ನೀರು ಪರೀಕ್ಷಾ ಕೇಂದ್ರದ ಮುಖ್ಯಸ್ಥೆ ಸುಲೋಚನಾ ಗಾಂವ್ಕರ್ ಕೊನೆಯ ಸಂದರ್ಶನಕ್ಕೆ ಪರದೆಗೆ ಬಂದರು.

“ಇಲ್ಲಿ ಒಂಟಿಯಾಗಿ ಬಂದವರು ನಿಲ್ಲೂದಿಲ್ಲ ಮಾರಾಯ್ರೆ, ಓಡಿಹೋಗ್ತಾರೆ. ನಿಮ್ಮ ಮನೆಯವರೂ ಬರ್ತಾರಲ್ಲ, ಅದಕ್ಕೇ ನಿಮ್ಮನ್ನು ಆರಿಸಿದ್ದು. ಚಿನ್ಮಯ ಅಲ್ವಾ ಹೆಸರು? ಅಡುಗೆ ಭಾರಿ ಚೆನ್ನಾಗಿ ಮಾಡ್ತಾರಂತೆ!”

ಚಿನ್ಮಯ ತೀರಿಕೊಂಡು ವರ್ಷವಾಗಿದೆ. ನನಗೆ ಕೆಲಸ ಸಿಗಲೆಂದು ಯಂತ್ರ ಅರ್ಜಿಯಲ್ಲಿ ಅವನನ್ನು ಬದುಕಿಸಿತ್ತು.

“ಅಡುಗೆ ಅಲ್ಲ, ಚಹಾ ಮಾತ್ರ,” ಎಂದೆ. “ಶುಂಠಿ ಜಾಸ್ತಿ ಹಾಕ್ತಾನೆ.”

ಅವರು ನಕ್ಕರು. “ಒಮ್ಮೆ ಕರೀರಿ ನೋಡುವ. ಅವರು ಹೂಂ ಅಂದ್ರೆ ಕೆಲಸ ನಿಮ್ದೇ.”

ನಾನು ಅಡುಗೆಮನೆಯತ್ತ ತಿರುಗಿದೆ.

“ಅವನು ತೀರಿಕೊಂಡಿದ್ದಾನೆ, ಮೇಡಂ.”

“ಮತ್ತೆ ಸುಳ್ಳು ಎಂತಕ್ಕೆ ಬರೆದದ್ದು?” ಎಂದವರೇ ಕರೆ ಮುಗಿಸಿದರು.

ಯಂತ್ರ ಮುಂದಿನ ಅರ್ಜಿ ತೆರೆಯಿತು. ಅದರಲ್ಲೂ ಚಿನ್ಮಯ ಅಡುಗೆ ಮಾಡುತ್ತಿದ್ದ. “ಏನಾದರೂ ತಿದ್ದಬೇಕೆ?”

“ಹೂಂ. ಅವನಿಗೆ ಅಡುಗೆ ಬರೋದಿಲ್ಲ,” ಎಂದೆ. “ಶುಂಠಿ ಚಹಾ ಮಾಡ್ತಾನೆ ಅಂತ ಬರಿ.”